ಹದಿನೆಂಟು ತುಂಬದವರಿಗೆ ಗಲ್ಲು ಬೇಡ – ಯಾಕೆ?



ಒಂದು ಸಂಘದ ವಾರದ ಸಭೆಗೆ ಹೋಗಿದ್ದೆ. ಉಳಿತಾಯದ ಹಣ ಎಣಿಸಿ, ಸಾಲದ ಕಂತು ಬರೆದುಕೊಂಡು, ನಡಾವಳಿ ಪುಸ್ತಕಕ್ಕೆ ಸಹಿ ಮಾಡುವ ಹೊತ್ತು. ಹಿಂದಿನ ರಾತ್ರಿ ಟಿ.ವಿ.ಯಲ್ಲಿ ಬಂದ ಸುದ್ದಿಯ ಮಾತು ಎದ್ದಿತು. ಒಬ್ಬ ಹುಡುಗಿಯ ಮೇಲೆ ಅತ್ಯಾಚಾರ. ಹಿಡಿದವರಲ್ಲಿ ಒಬ್ಬನಿಗೆ ಇನ್ನೂ ಹದಿನೇಳು. "ಅವನನ್ನೂ ಗಲ್ಲಿಗೆ ಹಾಕಬೇಕು ಸಿಸ್ಟರ್. ಇಂಥ ಕೆಲಸ ಮಾಡೋಕೆ ವಯಸ್ಸಾಗಿದೆ, ಸಾಯೋಕೆ ವಯಸ್ಸಾಗಿಲ್ವಾ?" ಅಂತ ಒಬ್ಬರು ಕೇಳಿದರು. ಎಲ್ಲರೂ ಹೌದು ಹೌದು ಎಂದರು. ನಾನು ಬೇಡ ಅಂದೆ. ಆಗ ಹಿರಿಯ ಸದಸ್ಯೆಯೊಬ್ಬರು, "ನಿಮಗೆ ಹೆಣ್ಣು ಮಕ್ಕಳಿಲ್ಲ ಸಿಸ್ಟರ್, ಅದಕ್ಕೆ ಹಾಗೆ ಹೇಳ್ತೀರಿ" ಎಂದರು.

ಆ ಮಾತು ನನಗೆ ತಾಗಿತು. ಅವರು ಹೇಳಿದ್ದರಲ್ಲಿ ಸತ್ಯವಿದೆ. ಮಗಳನ್ನು ಕಳೆದುಕೊಂಡ ತಾಯಿಯ ಸಂಕಟ ನನಗೆ ಪೂರ್ತಿ ಗೊತ್ತಾಗಲಾರದು. ಆದರೆ ಸಭೆ ಮುಗಿದ ಮೇಲೆ ಇನ್ನೊಬ್ಬರು ಬಸ್ ಸ್ಟಾಪಿನವರೆಗೆ ನನ್ನ ಜೊತೆ ಬಂದರು. ಸಭೆಯಲ್ಲಿ ಅವರು ಬಾಯಿ ಬಿಟ್ಟಿರಲಿಲ್ಲ. "ನನ್ನ ಮಗನಿಗೂ ಹದಿನಾರು ಸಿಸ್ಟರ್. ಯಾರ ಜೊತೆ ತಿರುಗ್ತಾನೋ ಗೊತ್ತಾಗ್ತಿಲ್ಲ. ರಾತ್ರಿ ನಿದ್ದೆ ಬರಲ್ಲ" ಎಂದರು. ಈ ಇಬ್ಬರು ತಾಯಂದಿರನ್ನೂ ಮನಸ್ಸಿನಲ್ಲಿ ಇಟ್ಟುಕೊಂಡು ಈ ಲೇಖನ ಬರೆಯುತ್ತಿದ್ದೇನೆ.

ನಮ್ಮ ಕಾನೂನು ಏನು ಹೇಳುತ್ತದೆ?

ಹದಿನೆಂಟು ವರ್ಷ ತುಂಬದವರು ಎಷ್ಟೇ ದೊಡ್ಡ ಅಪರಾಧ ಮಾಡಿದರೂ ನಮ್ಮ ದೇಶದಲ್ಲಿ ಅವರಿಗೆ ಮರಣದಂಡನೆ ಕೊಡುವಂತಿಲ್ಲ. 2015ರ ಬಾಲನ್ಯಾಯ ಕಾಯ್ದೆಯ 21ನೇ ಕಲಮು ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಬಿಡುಗಡೆಯ ದಾರಿಯೇ ಇಲ್ಲದ ಜೀವಾವಧಿ ಶಿಕ್ಷೆಯನ್ನೂ ಕೊಡುವಂತಿಲ್ಲ. ಇಲ್ಲಿ ಲೆಕ್ಕಕ್ಕೆ ಬರುವುದು ಅಪರಾಧ ನಡೆದ ದಿನದ ವಯಸ್ಸು, ತೀರ್ಪು ಬಂದ ದಿನದ ವಯಸ್ಸಲ್ಲ.

ಇದು ಹೊಸದಾಗಿ ಬಂದ ನಿಯಮವೂ ಅಲ್ಲ. 1986ರ ಬಾಲನ್ಯಾಯ ಕಾಯ್ದೆಯಲ್ಲೂ ಮಕ್ಕಳಿಗೆ ಗಲ್ಲು ಇರಲಿಲ್ಲ. ಆದರೆ ಆಗ ಗಂಡು ಮಕ್ಕಳಿಗೆ 16, ಹೆಣ್ಣು ಮಕ್ಕಳಿಗೆ 18 ಎಂಬ ಲೆಕ್ಕವಿತ್ತು. 2000ದ ಕಾಯ್ದೆ ಇಬ್ಬರಿಗೂ 18 ಎಂದು ಮಾಡಿತು. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆ 1989ರಲ್ಲಿ ಬಂತು. ಅದರ 37ನೇ ವಿಧಿಯೂ ಇದನ್ನೇ ಹೇಳುತ್ತದೆ. ಭಾರತ 1992ರಲ್ಲಿ ಅದನ್ನು ಒಪ್ಪಿಕೊಂಡಿತು.

"ಹಾಗಾದರೆ ಸುಮ್ನೆ ಬಿಟ್ಟು ಬಿಡ್ತಾರಾ?" ಎಂದು ನೀವು ಕೇಳಬಹುದು. ಇಲ್ಲ. 2012ರ ಡಿಸೆಂಬರ್‌ನಲ್ಲಿ ದೆಹಲಿಯ ಬಸ್ಸಿನಲ್ಲಿ ನಡೆದದ್ದು ನಿಮಗೆಲ್ಲ ನೆನಪಿದೆ. ಆರು ಆರೋಪಿಗಳಲ್ಲಿ ಒಬ್ಬನಿಗೆ ಹದಿನೆಂಟಕ್ಕೆ ಕೆಲವೇ ತಿಂಗಳು ಕಡಿಮೆ ಇತ್ತು. ಅವನಿಗೆ ಆಗಿನ ಕಾನೂನಿನ ಪ್ರಕಾರ ಮೂರು ವರ್ಷ ವಿಶೇಷ ಗೃಹದಲ್ಲಿ ಇರಿಸುವ ಆದೇಶವಾಯಿತು. 2015ರ ಡಿಸೆಂಬರ್‌ನಲ್ಲಿ ಅವನು ಹೊರಗೆ ಬಂದಾಗ ದೇಶವೆಲ್ಲ ಸಿಟ್ಟಾಯಿತು. ಅದೇ ವಾರ ಸಂಸತ್ತು ಹೊಸ ಕಾಯ್ದೆಗೆ ಒಪ್ಪಿಗೆ ಕೊಟ್ಟಿತು. ಅದು 2016ರ ಜನವರಿ 15ರಿಂದ ಜಾರಿಯಲ್ಲಿದೆ. ಇದರಂತೆ 16ರಿಂದ 18 ವರ್ಷದೊಳಗಿನವರು ಘೋರ ಅಪರಾಧ ಮಾಡಿದ್ದರೆ, ಬಾಲನ್ಯಾಯ ಮಂಡಳಿ ಮೊದಲು ಅವರ ಮನಸ್ಸಿನ ಬೆಳವಣಿಗೆ, ತಿಳಿವಳಿಕೆ, ಅಪರಾಧ ನಡೆದ ಸಂದರ್ಭ ಎಲ್ಲವನ್ನೂ ಪರಿಶೀಲಿಸುತ್ತದೆ. ಅಗತ್ಯ ಕಂಡರೆ ದೊಡ್ಡವರಂತೆ ವಿಚಾರಣೆ ನಡೆಸಲು ಮಕ್ಕಳ ನ್ಯಾಯಾಲಯಕ್ಕೆ ಕಳಿಸಬಹುದು. ಅಲ್ಲಿ ದೀರ್ಘ ಶಿಕ್ಷೆಯೂ ಆಗಬಹುದು. 21 ವರ್ಷದವರೆಗೆ ಬೇರೆ ಸುರಕ್ಷಿತ ಸ್ಥಳದಲ್ಲಿ ಇಡುತ್ತಾರೆ. ಆಮೇಲೆ ಅವನು ಬದಲಾಗಿದ್ದಾನೋ ಇಲ್ಲವೋ ನೋಡಿ, ಬಿಡುಗಡೆ ಮಾಡಬೇಕೋ ಜೈಲಿಗೆ ಕಳಿಸಬೇಕೋ ತೀರ್ಮಾನಿಸುತ್ತಾರೆ.

ಕಾನೂನನ್ನು ಅಷ್ಟು ಬಿಗಿ ಮಾಡಿದ ಆ ಸಿಟ್ಟಿನ ದಿನಗಳಲ್ಲೂ ಸಂಸತ್ತು ಮಕ್ಕಳಿಗೆ ಗಲ್ಲಿನ ಬಾಗಿಲು ತೆರೆಯಲಿಲ್ಲ. ಅದಕ್ಕೆ ಮೊದಲೇ, 2013ರ ಜನವರಿಯಲ್ಲಿ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಸಮಿತಿ ತನ್ನ ವರದಿ ಕೊಟ್ಟಿತ್ತು. ಹೆಣ್ಣು ಮಕ್ಕಳ ರಕ್ಷಣೆಗೆ ಕಠಿಣ ಕಾನೂನು ಬೇಕು ಎಂದ ಅದೇ ಸಮಿತಿ, ಬಾಲಕರ ವಯಸ್ಸನ್ನು 18ರಿಂದ 16ಕ್ಕೆ ಇಳಿಸುವುದು ಬೇಡ ಎಂದಿತು. ಗಲ್ಲಿನ ಭಯದಿಂದ ಘೋರ ಅಪರಾಧ ಕಡಿಮೆಯಾಗುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ ಎಂದೂ ಹೇಳಿತು.

ನಮ್ಮ ಸಂಘದ ನಿಯಮವನ್ನೇ ನೋಡಿ

ನಾವು ಸಂಘಕ್ಕೆ ಸದಸ್ಯರನ್ನು ಸೇರಿಸಿಕೊಳ್ಳುವಾಗ ಏನು ಕೇಳುತ್ತೇವೆ? ಹದಿನೆಂಟು ತುಂಬಿದೆಯಾ? ಹದಿನೇಳರ ಹುಡುಗಿ ಎಷ್ಟೇ ಚುರುಕಾಗಿದ್ದರೂ, ಲೆಕ್ಕ ನಮಗಿಂತ ಚೆನ್ನಾಗಿ ಬರೆದರೂ, ಅವಳಿಗೆ ಸಾಲ ಕೊಡುವುದಿಲ್ಲ. ಅವಳು ಕರಾರು ಪತ್ರಕ್ಕೆ ಸಹಿ ಹಾಕಿದರೆ ಕಾನೂನಿನ ಮುಂದೆ ಅದು ನಿಲ್ಲುವುದಿಲ್ಲ. ಹದಿನೇಳರವರಿಗೆ ವೋಟು ಇಲ್ಲ. ಹದಿನೇಳಕ್ಕೆ ಮದುವೆ ಮಾಡಿದರೆ ಅಪರಾಧ. ಯಾಕೆ? ಆ ವಯಸ್ಸಿನಲ್ಲಿ ಮುಂದಾಲೋಚನೆ ಸಾಲದು, ಇನ್ನೊಬ್ಬರ ಮಾತಿಗೆ ಬೇಗ ಬೀಳುತ್ತಾರೆ ಎಂದು ನಾವೇ ಒಪ್ಪಿಕೊಂಡಿದ್ದೇವೆ. ಹತ್ತು ಸಾವಿರದ ಸಾಲಕ್ಕೆ ಜವಾಬ್ದಾರಿ ಹೊರಲಾರದ ವಯಸ್ಸಿನವರನ್ನು ಪ್ರಾಣವನ್ನೇ ಕೊಟ್ಟು ಜವಾಬ್ದಾರಿ ಹೊರು ಅನ್ನಬಹುದೇ?

ಅಮೆರಿಕದಲ್ಲಿ ಈ ಪ್ರಶ್ನೆ ಬಹಳ ವರ್ಷ ನಡೆಯಿತು. ಅಲ್ಲಿ 1976ರಲ್ಲಿ ಮರಣದಂಡನೆ ಮತ್ತೆ ಬಂದ ಮೇಲೆ, ಹದಿನೆಂಟಕ್ಕೆ ಮೊದಲು ಮಾಡಿದ ಅಪರಾಧಕ್ಕಾಗಿ 22 ಜನರ ಪ್ರಾಣ ತೆಗೆದರು. ಕೊನೆಗೆ 2005ರ ಮಾರ್ಚ್ 1ರಂದು ಅಲ್ಲಿನ ಸುಪ್ರೀಂ ಕೋರ್ಟು ಅದನ್ನು ನಿಲ್ಲಿಸಿತು. ಮಿಸ್ಸೂರಿ ರಾಜ್ಯದಲ್ಲಿ ಹದಿನೇಳರ ಹುಡುಗನೊಬ್ಬ ಒಬ್ಬ ಮಹಿಳೆಯನ್ನು ಕ್ರೂರವಾಗಿ ಕೊಂದಿದ್ದ ಪ್ರಕರಣ ಅದು. ಅವನು ಮಾಡಿದ್ದು ಸಣ್ಣದು ಎಂದು ಯಾರೂ ಹೇಳಲಿಲ್ಲ. ಐದು ನ್ಯಾಯಾಧೀಶರು ಒಂದು ಕಡೆ, ನಾಲ್ವರು ಇನ್ನೊಂದು ಕಡೆ. ಬಹುಮತದವರು ಮೂರು ಕಾರಣ ಕೊಟ್ಟರು. ಈ ವಯಸ್ಸಿನವರಲ್ಲಿ ವಿವೇಚನೆ ಬಲಿತಿರುವುದಿಲ್ಲ. ಸ್ನೇಹಿತರ ಒತ್ತಡಕ್ಕೆ ಬೇಗ ಬಗ್ಗುತ್ತಾರೆ. ಅವರ ಸ್ವಭಾವ ಇನ್ನೂ ಗಟ್ಟಿಯಾಗಿಲ್ಲ, ಬದಲಾಗಬಹುದು. ಆ ತೀರ್ಪಿನಿಂದ ಬೇರೆ ಬೇರೆ ರಾಜ್ಯಗಳಲ್ಲಿ 70ಕ್ಕೂ ಹೆಚ್ಚು ಜನರಿಗೆ ಗಲ್ಲು ತಪ್ಪಿತು. ಅವರು ಮನೆಗೆ ಹೋಗಲಿಲ್ಲ, ಜೈಲಿನಲ್ಲೇ ಉಳಿದರು. ಜೀವ ಮಾತ್ರ ಉಳಿಯಿತು.

ಹದಿಹರೆಯದ ಮಕ್ಕಳನ್ನು ಸಾಕಿದ ನಿಮಗೆ ಈ ಮೂರು ಕಾರಣಗಳನ್ನು ಕೋರ್ಟು ಹೇಳಿಕೊಡಬೇಕಾಗಿಲ್ಲ. "ಆ ಗೆಳೆಯರ ಸಹವಾಸ ಬಿಡಿಸಿ ಸಿಸ್ಟರ್" ಎಂದು ನನ್ನ ಹತ್ತಿರ ಬರುವವರು ನೀವೇ ಅಲ್ವಾ?

ಬಡವರ ಮಕ್ಕಳಿಗೆ ವಯಸ್ಸು ಎಲ್ಲಿ ಬರೆದಿರುತ್ತದೆ?

ಕಾನೂನಿನಲ್ಲಿ ಗಲ್ಲು ಇಲ್ಲ ಸರಿ. ಆದರೆ ಹುಡುಗನ ವಯಸ್ಸು ಹದಿನೆಂಟಕ್ಕೆ ಕಡಿಮೆ ಎಂದು ತೋರಿಸುವ ಕಾಗದ ಬೇಕಲ್ಲ? ತೊಂದರೆ ಇರುವುದು ಇಲ್ಲೇ.

1994ರ ಆಗಸ್ಟ್‌ನಲ್ಲಿ ಪುಣೆಯ ಒಂದು ಮನೆಯಲ್ಲಿ ಐವರು ಹೆಂಗಸರು, ಇಬ್ಬರು ಮಕ್ಕಳ ಕೊಲೆಯಾಯಿತು. ಹೆಂಗಸರಲ್ಲಿ ಒಬ್ಬರು ಗರ್ಭಿಣಿ. ಹಿಡಿದವರಲ್ಲಿ ರಾಜಸ್ಥಾನದಿಂದ ಬಂದ ಒಬ್ಬ ಇದ್ದ. ಪೊಲೀಸ್ ಕಾಗದಗಳಲ್ಲಿ ಅವನನ್ನು ದೊಡ್ಡವನೆಂದೇ ಬರೆದರು. 1998ರಲ್ಲಿ ಗಲ್ಲುಶಿಕ್ಷೆಯಾಯಿತು. 2000ದಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಎಷ್ಟೋ ವರ್ಷಗಳ ನಂತರ ಅವನ ಊರಿನ ಶಾಲೆಯ ದಾಖಲೆ ಕೋರ್ಟಿನ ಮುಂದೆ ಬಂತು. ಅದರಲ್ಲಿ ಅವನ ಹೆಸರೂ ಸ್ವಲ್ಪ ಬೇರೆ ಇತ್ತು. ವಿಚಾರಣೆ ಮಾಡಿಸಿ, 2023ರ ಮಾರ್ಚ್ 27ರಂದು ಸುಪ್ರೀಂ ಕೋರ್ಟು ಹೇಳಿತು: ಕೊಲೆ ನಡೆದಾಗ ಇವನಿಗೆ ಹನ್ನೆರಡೂವರೆ ವರ್ಷ. ಇಷ್ಟು ಚಿಕ್ಕವನು ಅಂಥ ಕ್ರೌರ್ಯ ಮಾಡಿರಬಹುದೇ ಎಂದು ಆಘಾತವಾದರೂ, ದಾಖಲೆ ಬಿಟ್ಟು ಊಹೆಯ ಮೇಲೆ ಹೋಗಲಾಗದು ಎಂದು ನ್ಯಾಯಮೂರ್ತಿಗಳು ತಿಳಿಸಿದರು. ಕಾನೂನಿನಂತೆ ಅವನನ್ನು ಇಡಬಹುದಾಗಿದ್ದದ್ದು ಹೆಚ್ಚೆಂದರೆ ಮೂರು ವರ್ಷ. ಅವನು ಒಳಗೆ ಕಳೆದದ್ದು 28 ವರ್ಷಕ್ಕೂ ಹೆಚ್ಚು. ಅದರಲ್ಲೂ ಬಹುಪಾಲು ಗಲ್ಲಿನ ನೆರಳಿನಲ್ಲಿ.

ಇನ್ನೊಂದು ಪ್ರಕರಣ ಡೆಹ್ರಾಡೂನಿನದು. ಅದೂ 1994. ಮನೆಗೆಲಸಕ್ಕಿದ್ದ ಹುಡುಗ ಆ ಮನೆಯ ಮೂವರನ್ನು ಕೊಂದನೆಂದು ತೀರ್ಪಾಯಿತು. ತಾನು ಚಿಕ್ಕವನು ಎಂದು ಅವನು ಹೇಳಿಕೊಂಡ. ಅವನಿಗೆ ಬ್ಯಾಂಕ್ ಖಾತೆ ಇದೆ, ಹಾಗಾಗಿ ದೊಡ್ಡವನೇ ಎಂದು ಕೆಳಗಿನ ಕೋರ್ಟು ತೀರ್ಮಾನಿಸಿತು. ಖಾತೆಯ ವ್ಯವಹಾರ ಗೊತ್ತಿರುವ ನಮಗೆ ಇದು ಎಂಥ ದುರ್ಬಲ ಕಾರಣ ಎಂದು ಅರ್ಥವಾಗುತ್ತದೆ. ನಾವೇ ನಮ್ಮ ಮಕ್ಕಳ ಹೆಸರಿನಲ್ಲಿ ಖಾತೆ ತೆರೆಸಿಲ್ವಾ? ಅವನಿಗೆ ಗಲ್ಲು ವಿಧಿಸಿದರು. ಅರ್ಜಿ ಮೇಲೆ ಅರ್ಜಿ ತಿರಸ್ಕಾರವಾಯಿತು. 2012ರಲ್ಲಿ ರಾಷ್ಟ್ರಪತಿಗಳು ಗಲ್ಲನ್ನು ಜೀವಾವಧಿಗೆ ಇಳಿಸಿದರು. 2025ರ ಜನವರಿ 8ರಂದು ಸುಪ್ರೀಂ ಕೋರ್ಟು ಅವನಿಗೆ ಆಗ 14 ವರ್ಷ ಎಂದು ಒಪ್ಪಿ ಬಿಡುಗಡೆ ಮಾಡಿತು. ಹೊತ್ತಿಗೆ ಸುಮಾರು 25 ವರ್ಷ ಜೈಲಿನಲ್ಲಿ ಕಳೆದಿತ್ತು. ಆ ವರ್ಷಗಳನ್ನು ವಾಪಸು ಕೊಡುವ ಶಕ್ತಿ ಯಾವ ಕೋರ್ಟಿಗೂ ಇಲ್ಲ.

ಈ ಇಬ್ಬರಿಗೂ ಗಲ್ಲಾಗಿದ್ದರೆ? ಶಾಲೆಯ ದಾಖಲೆ ಆಮೇಲೆ ಸಿಕ್ಕಿ ಏನು ಪ್ರಯೋಜನ? ಲೆಕ್ಕದ ಪುಸ್ತಕದಲ್ಲಿ ತಪ್ಪು ಬರೆದರೆ ಗೆರೆ ಎಳೆದು ಸರಿ ಮಾಡ್ತೇವೆ. ಗಲ್ಲಿನ ತಪ್ಪಿಗೆ ಗೆರೆ ಎಳೆಯಲಾಗದು.

ರಿಜಾನಾ ಎಂಬ ಹುಡುಗಿ

ತಿದ್ದಲಾಗದ ತಪ್ಪು ನಿಜವಾಗಿಯೂ ನಡೆದುಹೋಗಿದೆ. ರಿಜಾನಾ ನಫೀಕ್ ಶ್ರೀಲಂಕಾದ ಮುತ್ತೂರು ಎಂಬಲ್ಲಿನ ಬಡ ಮನೆಯ ಹುಡುಗಿ. ಜನನ ಪತ್ರದ ಪ್ರಕಾರ ಹುಟ್ಟಿದ್ದು 1988ರ ಫೆಬ್ರವರಿ. ಅವಳನ್ನು ಸೌದಿ ಅರೇಬಿಯಾಕ್ಕೆ ಮನೆಗೆಲಸಕ್ಕೆ ಕಳಿಸಲು ಪಾಸ್‌ಪೋರ್ಟಿನಲ್ಲಿ 1982 ಎಂದು ಬರೆಸಿದರು. ಹದಿನೇಳರ ಹುಡುಗಿ ಕಾಗದದಲ್ಲಿ ಇಪ್ಪತ್ತಮೂರರ ಹೆಂಗಸಾದಳು. 2005ರ ಮೇ ತಿಂಗಳಲ್ಲಿ ಹೋದಳು. ಕೆಲವೇ ವಾರದಲ್ಲಿ, ಅವಳು ಬಾಟಲಿ ಹಾಲು ಕುಡಿಸುತ್ತಿದ್ದ ನಾಲ್ಕು ತಿಂಗಳ ಮಗು ತೀರಿಕೊಂಡಿತು. ಹಾಲು ನೆತ್ತಿಗೆ ಹತ್ತಿತು ಎಂದು ಅವಳು ಹೇಳಿದಳು. ಕೊಲೆ ಎಂದು ಮನೆಯವರು ಹೇಳಿದರು. ಮೊದಲು ಕೊಟ್ಟ ತಪ್ಪೊಪ್ಪಿಗೆಯನ್ನು ಬಲವಂತದಿಂದ ಕೊಟ್ಟದ್ದೆಂದು ಅವಳು ಹಿಂತೆಗೆದುಕೊಂಡಳು. ಆರಂಭದ ವಿಚಾರಣೆಯಲ್ಲಿ ಅವಳಿಗೆ ವಕೀಲರಿರಲಿಲ್ಲ, ಸರಿಯಾಗಿ ಭಾಷಾಂತರ ಮಾಡುವವರೂ ಇರಲಿಲ್ಲ. 2007ರಲ್ಲಿ ಮರಣದಂಡನೆ ವಿಧಿಸಿದರು. 2013ರ ಜನವರಿ 9ರಂದು ತಲೆ ಕಡಿದರು. ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಸೌದಿ ಅರೇಬಿಯಾವೂ 1996ರಲ್ಲಿ ಒಪ್ಪಿಕೊಂಡಿತ್ತು.

ಮಗುವನ್ನು ಕಳೆದುಕೊಂಡ ಆ ತಾಯಿಯ ದುಃಖವೂ ದೊಡ್ಡದು. ಆದರೆ ರಿಜಾನಾಳನ್ನು ಕೊಂದದ್ದರಿಂದ ಆ ಮಗು ಬರಲಿಲ್ಲ. ಮುತ್ತೂರಿನ ಇನ್ನೊಂದು ತಾಯಿಯೂ ಮಗಳನ್ನು ಕಳೆದುಕೊಂಡಳು. ನಮ್ಮ ಕರಾವಳಿಯಿಂದಲೂ ಎಷ್ಟೋ ಹೆಣ್ಣು ಮಕ್ಕಳು ಗಲ್ಫಿಗೆ ದುಡಿಯಲು ಹೋಗಿದ್ದಾರೆ. ವಯಸ್ಸು ತಿದ್ದಿ ಕಳಿಸೋಣ ಎಂದು ಏಜೆಂಟ್ ಹೇಳಿದರೆ ಒಪ್ಪಬೇಡಿ. ಒಂದು ಸುಳ್ಳು ಅಂಕಿ ಒಂದು ಜೀವ ತೆಗೆಯಬಹುದು.

"ನಮಗೆ ಹೆಣ್ಣು ಮಕ್ಕಳಿದ್ದಾರೆ ಸಿಸ್ಟರ್"

ಈಗ ಆ ಹಿರಿಯ ಸದಸ್ಯೆಯ ಮಾತಿಗೆ ಬರುತ್ತೇನೆ. ಅನ್ಯಾಯಕ್ಕೊಳಗಾದ ಹುಡುಗಿಯನ್ನು ಮರೆತು ಮಾಡಿದವನ ಪರ ಮಾತಾಡುವುದು ಸರಿಯಲ್ಲ. ಅವಳಿಗೆ ಏನು ಬೇಕು? ದೂರು ಬರೆದುಕೊಳ್ಳುವ ಪೊಲೀಸರು ಬೇಕು. ವರ್ಷಗಟ್ಟಲೆ ಎಳೆಯದ ವಿಚಾರಣೆ ಬೇಕು. ಚಿಕಿತ್ಸೆ, ಪರಿಹಾರ ಧನ, ತಲೆಯೆತ್ತಿ ಓಡಾಡುವ ಊರು ಬೇಕು. ಪರಿಹಾರ ಧನಕ್ಕೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು. ಗಲ್ಲು ಗಲ್ಲು ಎಂದು ಕೂಗಿ ಮನೆಗೆ ಹೋದ ಮೇಲೆ ಆ ಹುಡುಗಿಯ ಜೊತೆ ಆಸ್ಪತ್ರೆಗೆ, ಕೋರ್ಟಿಗೆ ಹೋಗುವವರು ಯಾರು? ಈ ಪ್ರಶ್ನೆ ನನ್ನನ್ನು ಹೆಚ್ಚು ಕಾಡುತ್ತದೆ.

ಇನ್ನೊಂದು ಮಾತು. "ಶಿಕ್ಷೆ ಕಡಿಮೆ ಅಂತ ದೊಡ್ಡವರು ಹುಡುಗರ ಕೈಲಿ ಮಾಡಿಸ್ತಾರೆ" ಎನ್ನುತ್ತೀರಿ. ಇದು ನಿಜವೇ. ಹಾಗೆ ಮಕ್ಕಳನ್ನು ಅಪರಾಧಕ್ಕೆ ಬಳಸುವ ದೊಡ್ಡವರಿಗೆ ಏಳು ವರ್ಷದವರೆಗೆ ಜೈಲು, ಐದು ಲಕ್ಷ ರೂಪಾಯಿ ದಂಡ ಎಂದು ಅದೇ ಕಾಯ್ದೆಯ 83ನೇ ಕಲಮು ಹೇಳುತ್ತದೆ. ಆಡಿಸುವವನನ್ನು ಬಿಟ್ಟು ಆಡಿದ ಹುಡುಗನ ಕತ್ತಿಗೆ ಹಗ್ಗ ಹಾಕಿದರೆ ಆಡಿಸುವವನು ಇನ್ನೊಬ್ಬ ಹುಡುಗನನ್ನು ಹುಡುಕುತ್ತಾನೆ.

ನಮ್ಮ ಸಂಘಗಳಲ್ಲಿ ಎಲ್ಲ ಧರ್ಮದವರೂ ಇದ್ದೀರಿ. ನನ್ನ ಧರ್ಮಸಭೆಯ ನಿಲುವನ್ನು ಒಂದೇ ವಾಕ್ಯದಲ್ಲಿ ಹೇಳುವುದಾದರೆ, 2018ರಲ್ಲಿ ಪೋಪ್ ಫ್ರಾನ್ಸಿಸ್ ಅವರು ಧರ್ಮೋಪದೇಶವನ್ನು ತಿದ್ದಿ, ಮರಣದಂಡನೆಯನ್ನು ಯಾರಿಗೂ ಯಾವ ಕಾರಣಕ್ಕೂ ಒಪ್ಪಲಾಗದು ಎಂದರು. ದೊಡ್ಡವರ ವಿಷಯದಲ್ಲಿ ನಿಮ್ಮಲ್ಲಿ ಕೆಲವರಿಗೆ ಬೇರೆ ಅಭಿಪ್ರಾಯ ಇರಬಹುದು. ಮಕ್ಕಳ ವಿಷಯದಲ್ಲಾದರೂ ನಾವು ಒಂದಾಗಬಹುದು ಎಂಬುದು ನನ್ನ ಆಸೆ.

ನಾವು ಮಾಡಬಹುದಾದ ಕೆಲಸ

1. ಜನನ ನೋಂದಣಿ: ಮಗು ಹುಟ್ಟಿದ 21 ದಿನದೊಳಗೆ ನೋಂದಣಿ ಮಾಡಿಸಿ ಪ್ರಮಾಣ ಪತ್ರ ಪಡೆಯಿರಿ. ತಡವಾಗಿದ್ದರೂ ಮಾಡಿಸಬಹುದು, ಒಂದು ವರ್ಷ ದಾಟಿದ್ದರೆ ಮೇಲಧಿಕಾರಿಯ ಆದೇಶ ಬೇಕು. 2023ರ ಅಕ್ಟೋಬರ್ 1ರ ನಂತರ ಹುಟ್ಟಿದವರಿಗೆ ಶಾಲೆಗೆ ಸೇರಲು, ಬೇರೆ ಹಲವು ಕೆಲಸಕ್ಕೆ ಈ ಪತ್ರವೇ ವಯಸ್ಸಿನ ಆಧಾರ.

2. ಶಾಲೆಯ ದಾಖಲೆ: ಕೋರ್ಟು ವಯಸ್ಸಿಗೆ ಮೊದಲು ನೋಡುವುದು ಶಾಲೆಯ ಪ್ರಮಾಣ ಪತ್ರ ಅಥವಾ ಎಸ್.ಎಸ್.ಎಲ್.ಸಿ. ಅಂಕಪಟ್ಟಿ. ಅದು ಇಲ್ಲದಿದ್ದರೆ ಪಂಚಾಯಿತಿ ಅಥವಾ ನಗರಸಭೆಯ ಜನನ ಪತ್ರ. ಎರಡೂ ಇಲ್ಲದಾಗ ಮಾತ್ರ ಮೂಳೆಯ ವೈದ್ಯಕೀಯ ಪರೀಕ್ಷೆ. ಮಗ ಶಾಲೆ ಬಿಟ್ಟಿದ್ದರೂ ಟಿ.ಸಿ. ತಂದು ಜೋಪಾನವಾಗಿಡಿ. ಹೆಸರು, ತಾರೀಕು ಎಲ್ಲ ಕಡೆ ಒಂದೇ ಇರಲಿ. ಶಾಲೆಗೆ ಬೇಗ ಸೇರಿಸಲು ಹುಟ್ಟಿದ ತಾರೀಕು ಹೆಚ್ಚು ಕಡಿಮೆ ಬರೆಸಬೇಡಿ.

3. ಪೊಲೀಸರು ಹುಡುಗನನ್ನು ಕರೆದೊಯ್ದರೆ: ಹದಿನೆಂಟರ ಒಳಗಿನವರನ್ನು ಲಾಕಪ್ಪಿನಲ್ಲಿ ಇಡುವಂತಿಲ್ಲ, ಕೈಕೋಳ ಹಾಕುವಂತಿಲ್ಲ. 24 ಗಂಟೆಯೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ತರಬೇಕು. ತಂದೆ ತಾಯಿಗೆ ತಿಳಿಸಬೇಕು. ವಯಸ್ಸಿನ ಕಾಗದ ತೆಗೆದುಕೊಂಡು ತಕ್ಷಣ ಠಾಣೆಗೆ ಹೋಗಿ. ಒಬ್ಬರೇ ಹೋಗಬೇಡಿ, ಸಂಘದವರು ಇಬ್ಬರು ಮೂವರು ಜೊತೆಗಿರಿ.

4. ಉಚಿತ ವಕೀಲರು: ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಸಿಗುತ್ತಾರೆ. ಸಹಾಯವಾಣಿ 15100. ಮಕ್ಕಳ ಸಹಾಯವಾಣಿ 1098.

5. ವಯಸ್ಸಿನ ಪ್ರಶ್ನೆಯನ್ನು ಯಾವಾಗ ಬೇಕಾದರೂ ಎತ್ತಬಹುದು: ಕೊನೆಯ ತೀರ್ಪಾದ ಮೇಲೂ. ಮೇಲೆ ಹೇಳಿದ ಇಬ್ಬರನ್ನು ಉಳಿಸಿದ್ದು ಈ ಅವಕಾಶವೇ.

6. ಮೊಬೈಲಿನಲ್ಲಿ ಹಂಚಬೇಡಿ: ಪ್ರಕರಣದಲ್ಲಿ ಸಿಕ್ಕಿದ ಮಕ್ಕಳ ಹೆಸರು, ಫೋಟೋ, ಶಾಲೆ ಬಹಿರಂಗ ಮಾಡುವುದು ಅಪರಾಧ. ನೊಂದ ಮಗುವಿಗೂ ಇದೇ ನಿಯಮ.

ಸಭೆಯಲ್ಲಿ ಚರ್ಚಿಸಲು

* ನಿಮ್ಮ ಸಂಘದ ಸದಸ್ಯರ ಮಕ್ಕಳಲ್ಲಿ ಎಷ್ಟು ಜನಕ್ಕೆ ಜನನ ಪತ್ರ ಇಲ್ಲ? ಪಟ್ಟಿ ಮಾಡಿ.
* ನಿಮ್ಮ ಊರಿನಲ್ಲಿ ಶಾಲೆ ಬಿಟ್ಟ 14ರಿಂದ 18ರ ಹುಡುಗರು ದಿನವಿಡೀ ಎಲ್ಲಿರುತ್ತಾರೆ, ಯಾರ ಜೊತೆ?
* ಊರಿನ ಹುಡುಗಿಯೊಬ್ಬಳಿಗೆ ಅನ್ಯಾಯವಾದರೆ ಮೊದಲ ದಿನ ಅವಳ ಜೊತೆ ಹೋಗುವ ಇಬ್ಬರು ಯಾರು? ಹೆಸರು ಈಗಲೇ ಬರೆದಿಡಿ.

ಬಸ್ ಸ್ಟಾಪಿನಲ್ಲಿ ಮಾತಾಡಿದ ಆ ತಾಯಿಯ ಮಗ ಈಗ ಗ್ಯಾರೇಜಿನಲ್ಲಿ ಕೆಲಸ ಕಲಿಯುತ್ತಿದ್ದಾನೆ. ಅವನನ್ನು ಅಲ್ಲಿಗೆ ಸೇರಿಸಿದ್ದು ಯಾರು ಗೊತ್ತಾ? "ನಿಮಗೆ ಹೆಣ್ಣು ಮಕ್ಕಳಿಲ್ಲ ಸಿಸ್ಟರ್" ಎಂದ ಅದೇ ಹಿರಿಯ ಸದಸ್ಯೆ. ಗ್ಯಾರೇಜು ಅವರ ತಮ್ಮನದು. ಗಲ್ಲಿನ ವಿಷಯದಲ್ಲಿ ಅವರು ಇನ್ನೂ ನನ್ನ ಮಾತನ್ನು ಒಪ್ಪಿಲ್ಲ. ಆದರೆ ಒಬ್ಬ ಹುಡುಗ ಕೆಟ್ಟ ದಾರಿಗೆ ಹೋಗದಂತೆ ಕೈ ಹಿಡಿದಿದ್ದಾರೆ. ನಿಮ್ಮ ಸಂಘದಲ್ಲಿ ಈ ಚರ್ಚೆ ಹೇಗೆ ನಡೆಯಿತು, ಮುಂದಿನ ಒಕ್ಕೂಟದ ಸಭೆಯಲ್ಲಿ ನನಗೆ ತಿಳಿಸಿ.

ನಿಮ್ಮ ಸಿಸ್ಟರ್